ಸತ್ತಿಯ ಬಸ್ಸು ತಡವಾಗಿಯೇ ಬರುತ್ತದೆ

ಬೆಳಗಾವಿಯಲ್ಲಿ ನಿಪ್ಪಾಣಿ ಬಸ್ಸು ಹತ್ತುವ ಹೊತ್ತಿಗೆ ನನ್ನ ಬಾಯಲ್ಲಿ ಒಂದು ಸುಳ್ಳು ತಯಾರಾಗಿ ಕೂತಿತ್ತು. ಯಾರಾದರೂ ಕೇಳಿದರೆ, ನಾನು ದಾವಣಗೆರೆಯವಳು, ಊರೂರು ತಿರುಗಿ ಫೋನಿನಲ್ಲಿ ಬರೆದು ಹಾಕುವವಳು, ಕಾಗವಾಡದ ಕಡೆ ದ್ರಾಕ್ಷಿ ತೋಟ ನೋಡಲು ಹೊರಟಿದ್ದೇನೆ ಅಂತ. ಬರೆಯುವುದು ನಿಜ, ನನ್ನ ಪುಟ ಓದುವ ನಿಮಗೆ ಅದು ಗೊತ್ತು. ದ್ರಾಕ್ಷಿ ಸುಳ್ಳು. ದ್ರಾಕ್ಷಿ ನಮ್ಮ ಮಾರ್ಕೆಟ್ಟಿನಲ್ಲೇ ಸಿಗುತ್ತದೆ. ಅದನ್ನು ಬಳ್ಳಿಯಲ್ಲೇ ನೋಡುತ್ತೇನೆ ಎಂದು ಬಿಸಿಲಲ್ಲಿ ಮೂರು ದಿನ ಅಲೆಯುವ ಹುಚ್ಚು ನನಗಿಲ್ಲ.

ಹೊರಟಿದ್ದು ಅಕ್ಕನ ಮಗಳು ವೀಣಾಳ ಸಲುವಾಗಿ. ಅಥಣಿ ತಾಲ್ಲೂಕಿನ ಸತ್ತಿಯ ಒಂದು ಮನೆಯಿಂದ ಅವಳಿಗೆ ಸಂಬಂಧ ಬಂದಿತ್ತು. ಹುಡುಗ ಶ್ರೀಶೈಲ, ರಾಯಬಾಗದ ದನದ ಆಸ್ಪತ್ರೆಯಲ್ಲಿ ಕೆಲಸ. ತಾಯಿ ಸತ್ತಿಯಲ್ಲಿ, ತಂಗಿಯನ್ನು ಕೊಟ್ಟಿದ್ದು ಕಾಗವಾಡಕ್ಕೆ. ಹೆಣ್ಣು ಕೊಡುವ ಮೊದಲು ಮನೆತನ ವಿಚಾರಿಸುವ ಪದ್ಧತಿ ನಮ್ಮಲ್ಲಿದೆ. ಯಾರಿಗೂ ಹೇಳದೆ ಆ ಊರಿಗೆ ಹೋಗಬೇಕು, ಬಾವಿಕಟ್ಟೆ, ಹೋಟೆಲ್ಲು, ಅಂಗಡಿಗಳಲ್ಲಿ ಮಾತು ತೆಗೆದು ಆ ಮನೆಯವರ ಗುಣ ತಿಳಿದುಕೊಂಡು ಸದ್ದಿಲ್ಲದೆ ವಾಪಸ್ಸು ಬರಬೇಕು. ಅಕ್ಕನಿಗೆ ಮೊಣಕಾಲು ನೋವು. ಕಲ್ಲನ್ನೂ ಮಾತಾಡಿಸುವವಳು ಎಂದು ನನ್ನನ್ನು ಕಳಿಸಿದರು.

ಹೊರಡುವ ಮುಂಚೆ ವೀಣಾ ನನ್ನನ್ನು ಅಡುಗೆಮನೆಗೆ ಕರೆದು ಒಂದೇ ಒಂದು ವಿಷಯ ನೋಡಿಕೊಂಡು ಬಾ ಎಂದಳು. ವೀಣಾಗೆ ಉಗ್ಗು ಇದೆ. ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ, ಕೆಲಸದಲ್ಲಿ ಚುರುಕು, ಆದರೆ ಒಂದು ವಾಕ್ಯ ಮುಗಿಸಲು ಅವಳಿಗೆ ಸಮಯ ಬೇಕು. ಹಿಂದೆ ಬಂದಿದ್ದ ಒಂದು ಸಂಬಂಧದಲ್ಲಿ ಹುಡುಗನ ತಾಯಿ, 'ಕ್ಯಾಸೆಟ್ಟು ಸಿಕ್ಕಿಹಾಕಿಕೊಂಡಿತು ನೋಡಿ' ಎಂದು ಎಲ್ಲರೆದುರು ನಕ್ಕಿದ್ದಳು. ಅದು ಅಲ್ಲಿಗೇ ಮುರಿಯಿತು. ಮುರಿದವಳು ವೀಣಾಳೇ. ಈ ಸಲ ಅವಳು ಕೇಳಿದ್ದು ಹೊಲ ಎಷ್ಟು, ಮನೆ ಎಂಥದ್ದು ಅಂತಲ್ಲ. "ನನ್ನ ಮಾತು ಮುಗಿಯೋ ತನಕ ಕಾಯೋ ಜನನಾ ಚಿಕ್ಕಮ್ಮ, ಅಷ್ಟು ನೋಡ್ಕೊಂಡ್ ಬಾ." ಕಾಯುವವರು ಅಲ್ಲದಿದ್ದರೆ ಫೋಟೋ ವಾಪಸ್ಸು ಕಳಿಸುವುದು ಎಂದು ತೀರ್ಮಾನವಾಗಿತ್ತು. ಇದನ್ನೆಲ್ಲ ಬರೆಯಲು ಅವಳ ಒಪ್ಪಿಗೆ ಇದೆ, ಅಪ್ಪಣೆ ಇಲ್ಲದೆ ಬರೆಯುತ್ತಿಲ್ಲ.

ಸಂಕೇಶ್ವರದ ಮೇಲೆ ಹೋದರೆ ರಾಯಬಾಗದ ದಾರಿಯ ಚಿಕ್ಕೋಡಿ ಹತ್ತಿರ. ನಾನು ನಿಪ್ಪಾಣಿ ಸುತ್ತಿದ್ದು ಮೊಳಕೆಕಾಳಿನ ಖಾರದ ಮಿಸಳ್ ತಿನ್ನುವ ಆಸೆಗೆ. ಹೆಂಗಸರಿಗೆ ಬಸ್ಸು ಉಚಿತ, ಸುತ್ತಿದರೆ ಯಾರ ಗಂಟು ಹೋಗುತ್ತದೆ? ಕಂಡಕ್ಟರ್ ಆಧಾರ್ ಕಾರ್ಡು ನೋಡಿ, ದಾವಣಗೆರೆಯಿಂದ ಬಂದೀರಿ, ದೋಸೆ ತಂದಿಲ್ಲೇನು ಎಂದು ಕೇಳಿ ಶೂನ್ಯ ದರದ ಚೀಟಿ ಹರಿದುಕೊಟ್ಟ.

ಪಕ್ಕದ ಸೀಟಿಗೆ ಬಂದು ಕೂತವರ ಹೆಸರು ಅಕ್ಕಾತಾಯಿ. ಅರವತ್ತು ದಾಟಿದ ಹೆಂಗಸು, ಹಸಿರು ಇಳಕಲ್ ಸೀರೆ, ತೊಡೆಯ ಮೇಲೆ ಕುಬಸದ ಬಟ್ಟೆಯ ಗಂಟು. ಅದನ್ನು ನಿಪ್ಪಾಣಿಯ ತಂಗಿಗೆ ಕೊಟ್ಟು ತಮ್ಮೂರು ಚಿಕ್ಕೋಡಿಗೆ ಹೋಗುವವರು. ಕೂತವರೇ ಚೀಲದಿಂದ ಖಾರದ ಚುರುಮುರಿ ತೆಗೆದು ನನ್ನ ಅಂಗೈಗೆ ಸುರಿದರು. ಬೇಕಾ ಎಂದು ಕೇಳಲಿಲ್ಲ. ನಮ್ಮ ಕಡೆ ಬಸ್ಸಿನಲ್ಲಿ ಅಪರಿಚಿತರು ಕೊಟ್ಟಿದ್ದನ್ನು ತಿನ್ನಬಾರದು ಎಂದು ಹೇಳಿಕೊಡುತ್ತಾರೆ. ಅಕ್ಕಾತಾಯಿಯ ಮುಖ ನೋಡಿದರೆ ಆ ಬುದ್ಧಿವಾದ ನೆನಪಿಗೇ ಬರುವುದಿಲ್ಲ.

"ಯಾರ ಪೈಕಿ ನೀವು?" ಎಂದರು. ಈ ಸೀಮೆಯಲ್ಲಿ ಹೆಸರಿಗಿಂತ ಮೊದಲು ಇದನ್ನು ಕೇಳುತ್ತಾರೆ. ನೀವು ಯಾರ ಕಡೆಯವರು, ಯಾರ ಮನೆಗೆ ಬಂದವರು ಅಂತ. ನಾನು ಯಾರ ಪೈಕಿಯೂ ಅಲ್ಲ ಎಂದೆ. ಅವರು ನನ್ನನ್ನು ಕರುಣೆಯಿಂದ ನೋಡಿ ಇನ್ನೊಂದು ಹಿಡಿ ಚುರುಮುರಿ ಹಾಕಿದರು.

ನಿಪ್ಪಾಣಿಯಲ್ಲಿ ಹೊಗೆಸೊಪ್ಪಿನ ಗೋದಾಮುಗಳ ಘಾಟಿಗೆ ಸೀನುತ್ತ ಇಳಿದೆ. ಮಿಸಳ್ ಅಂಗಡಿಗೆ ಅಕ್ಕಾತಾಯಿಯೇ ಕರೆದುಕೊಂಡು ಹೋದರು. ಅಂಗಡಿಯವನೊಂದಿಗೆ ಮರಾಠಿ, ನನ್ನೊಂದಿಗೆ ಕನ್ನಡ, ಮಧ್ಯೆ ಅವನು ಬಡಿಸಿದ ರಸ ಸಾಲದೆಂದು ಎರಡೂ ಭಾಷೆಯಲ್ಲಿ ಬೈಗುಳ. ಅವನು ನಗುತ್ತ ಇನ್ನೊಂದು ಸೌಟು ಹಾಕಿದ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಾಗ ಪಕ್ಕದ ಮೇಜಿನ ಗಂಡಸು ತನ್ನ ಮಜ್ಜಿಗೆ ಲೋಟವನ್ನೇ ನನ್ನ ಕಡೆ ತಳ್ಳಿದ.

ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಒಂದು ವಿಷಯ ಚುಚ್ಚುತ್ತಿತ್ತು. ಇಲ್ಲಿ ಯಾರೂ ಯಾರ ಮಾತನ್ನೂ ಮುಗಿಯಲು ಬಿಡುವುದಿಲ್ಲ. ಚಿಕ್ಕೋಡಿ ಬಸ್ಸಿನಲ್ಲಿ ನಾನು 'ನಾಳೆ ರಾಯಬಾಗಕ್ಕೆ' ಎನ್ನುವಷ್ಟರಲ್ಲಿ ಮುಂದಿನ ಸೀಟಿನಿಂದ ಬಸ್ಸಿನ ಹೊತ್ತು ಬಂತು, ಹಿಂದಿನಿಂದ ಆ ಬಸ್ಸು ಬೇಡ ಎಂಬ ಸಲಹೆ ಬಂತು, ಮೂರನೆಯವರು ಯಾಕೆ ಹೋಗುತ್ತಿದ್ದೇನೆ ಎಂಬುದನ್ನೂ ಊಹಿಸಿ ಮುಗಿಸಿದರು. ಪ್ರೀತಿಯಿಂದಲೇ. ಇಷ್ಟು ಪ್ರೀತಿಯ ನಡುವೆ ವೀಣಾ ಬಾಯಿ ತೆರೆದರೆ ಅವಳ ಮೊದಲ ಅಕ್ಷರ ಹೊರಬರುವ ಮುಂಚೆಯೇ ವಾಕ್ಯವನ್ನು ಬೇರೆಯವರು ಮುಗಿಸಿ ಚಹಾ ಕುಡಿಸಿ ಕಳಿಸಿಬಿಡುತ್ತಾರೆ.

ಚಿಕ್ಕೋಡಿಯಲ್ಲಿ ಲಾಡ್ಜು ಹುಡುಕುತ್ತೇನೆ ಎಂದಾಗ ಅಕ್ಕಾತಾಯಿ ನಿಂತುಬಿಟ್ಟರು. "ಯಾಕ್ರಿ, ನಮ್ಮನಿ ಏನ್ ಬಿದ್ದೈತೇನು?" ಅಲ್ಲಿಗೆ ಆ ಮಾತು ಮುಗಿಯಿತು. ಗುಡ್ಡದ ಇಳಿಜಾರಿನಲ್ಲಿ ಎರಡು ಕೋಣೆಯ ಮನೆ. ಜೋಳದ ರೊಟ್ಟಿ, ಕಡಲೆಹಿಟ್ಟಿನ ಝುಣಕ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ. ಊಟಕ್ಕೆ ಕೂತಾಗ ಓಣಿಯ ಹೆಂಗಸರು ಬಂದು ಬಾಗಿಲಲ್ಲಿ ಕೂತರು. ಊಟದ ಸುಖದಲ್ಲಿ ನಾನೊಂದು ತಪ್ಪು ಮಾಡಿದೆ. ಬಲು ಜಾಣೆಯ ಹಾಗೆ, ಏನೂ ಅಲ್ಲವೆಂಬಂತೆ, ಸತ್ತಿ ಕಡೆಯ ಜನ ಹೇಗೆ, ಒಳ್ಳೆಯವರಾ ಎಂದು ಕೇಳಿದೆ.

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಅಕ್ಕಾತಾಯಿ, "ಹೊಳಿ ದಂಡಿ ಮಂದಿರಿ, ತಣ್ಣಗಿರ್ತಾರ," ಎಂದು ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಯಾಕೆ ಕೇಳಿದಿರಿ ಎಂದು ಯಾರೂ ಕೇಳಲಿಲ್ಲ. ಎಲ್ಲವನ್ನೂ ಕೇಳುವ ಜನ ಅದೊಂದನ್ನು ಯಾಕೆ ಕೇಳಲಿಲ್ಲ ಎಂದು ನಾನು ಆಗಲೇ ಯೋಚಿಸಬೇಕಿತ್ತು.

ಮರುದಿನ ಬೆಳಿಗ್ಗೆ ರಾಯಬಾಗ. ದಾರಿಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಅವುಗಳ ಹಿಂದೆ ತೆವಳುವ ನಮ್ಮ ಬಸ್ಸು. ದನದ ಆಸ್ಪತ್ರೆಯ ಅಂಗಳದಲ್ಲಿ ಬೇವಿನ ಮರ, ಮರಕ್ಕೆ ಕಟ್ಟಿದ ಒಂದು ಆಕಳು. ಕುರಿ ಕಾಯುವ ಮುದುಕರೊಬ್ಬರು ಮೇಕೆಯನ್ನು ಕಂಕುಳಲ್ಲಿ ಹಿಡಿದುಕೊಂಡು ಅದರ ಇಡೀ ವಂಶದ ಕಥೆ ಹೇಳುತ್ತಿದ್ದರು. ಶ್ರೀಶೈಲನನ್ನು ಫೋಟೋದಿಂದ ಗುರುತು ಹಿಡಿದೆ. ಫೋಟೋಗಿಂತ ಕಪ್ಪು, ಫೋಟೋಗಿಂತ ಚೆನ್ನ. ಅವನು ಮೇಕೆಯ ಹೊಟ್ಟೆ ಒತ್ತಿ ನೋಡುತ್ತಲೇ ಮುದುಕರ ಕಥೆ ಕೇಳುತ್ತಿದ್ದ. ನಡುವೆ ಬಾಯಿ ಹಾಕಲಿಲ್ಲ. ಮೇಕೆಯ ಅಜ್ಜಿಯವರೆಗೂ ಹೋಗಿ ಕಥೆ ಮುಗಿದ ಮೇಲೆ, ಹಾಗಾದರೆ ನಿನ್ನೆ ತಿಂದದ್ದೇನು ಎಂದು ಕೇಳಿದ.

ಇಷ್ಟು ನೋಡಿ ವಾಪಸ್ಸು ಬಂದಿದ್ದರೆ ಸಾಕಿತ್ತು. ನಾನು ಹೋಗಿ ಎದುರು ನಿಂತೆ. ದ್ರಾಕ್ಷಿಯ ಸುಳ್ಳು ದನದ ಆಸ್ಪತ್ರೆಯಲ್ಲಿ ನಡೆಯುವುದಿಲ್ಲವಲ್ಲ. ಮನೆಯಲ್ಲಿ ಬೆಕ್ಕು ಊಟ ಬಿಟ್ಟಿದೆ ಎಂದೆ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ, ಯಾವತ್ತೂ ಇರಲಿಲ್ಲ. ಅವನು ಕೈ ತೊಳೆದುಕೊಂಡು ಬಂದು, ವಯಸ್ಸೆಷ್ಟು, ಎಷ್ಟು ದಿನದಿಂದ ಹೀಗಿದೆ ಎಂದು ವಿಚಾರಿಸಿ, ಬೆಕ್ಕಿನ ಹೆಸರೇನು ಎಂದು ಕೇಳಿದ. ಗಾಬರಿಯಲ್ಲಿ ಬಾಯಿಗೆ ಬಂದದ್ದು ಒಂದೇ ಹೆಸರು.

"ವೀಣಾ," ಎಂದೆ.

ಅವನು ನಗಲಿಲ್ಲ. ಕಿವಿ ಮಾತ್ರ ಕೆಂಪಾಯಿತು. "ಬೆಕ್ಕು ಹೊಸ ಮಂದಿಗೆ ಅಂಜ್ತಾವ್ರಿ ಅಕ್ಕಾರ. ಉಣ್ಣು ಉಣ್ಣು ಅಂತ ಬೆನ್ನ ಹತ್ತಬಾರ್ದು. ಹಾಲಿಟ್ಟು ಬಾಜೂಕ ಕುಂದರಬೇಕು, ಅಷ್ಟ," ಎಂದ. ಔಷಧಿ ಏನೂ ಬೇಡ ಎಂದ. ಗೇಟಿನವರೆಗೆ ಬಂದು ಕುಡಚಿಯ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ತೋರಿಸಿದ. ನಾನು ಕುಡಚಿಗೆ ಹೋಗುತ್ತೇನೆ ಎಂದು ಅವನಿಗೆ ಹೇಳಿಯೇ ಇರಲಿಲ್ಲ. ಅದು ಹೊಳೆದದ್ದು ಬಸ್ಸಿನಲ್ಲಿ ಅರ್ಧ ದಾರಿ ಹೋದ ಮೇಲೆ.

ಕುಡಚಿಯಲ್ಲಿ ರೈಲು ನಿಲ್ದಾಣದ ಹತ್ತಿರ ಚಹಾ ಕುಡಿದೆ. ಬಿಳಿ ಗಡ್ಡದ ಅಂಗಡಿಯವರು, "ಕುಂದರ್ರಿ ಆಪಾ, ನೆರಳಾಗ ಕುಂದರ್ರಿ," ಎಂದು ತಾವು ಕೂತಿದ್ದ ಕುರ್ಚಿಯನ್ನೇ ಕೊಟ್ಟರು. ಎಮ್ಮೆ ಹಾಲಿನ ಗಟ್ಟಿ ಚಹಾ. ಕಾಗವಾಡಕ್ಕೆ ಹೋಗುವ ಟಂಟಂ ಆಟೋ ಬಂದಾಗ ಅವರು ಗಿರಾಕಿಗಳನ್ನು ಬಿಟ್ಟು ರಸ್ತೆಗೆ ಬಂದು ಅದನ್ನು ನಿಲ್ಲಿಸಿ, ಚಾಲಕನ ಕಿವಿಯಲ್ಲಿ ಏನೋ ಹೇಳಿದರು. ಕೃಷ್ಣೆಯ ಸೇತುವೆ ದಾಟುವಾಗ ತಂಪು ಗಾಳಿ ಮುಖಕ್ಕೆ ಬಡಿಯಿತು. ಕೆಳಗೆ ನೀರು ಹಸಿರಾಗಿ, ಅವಸರವಿಲ್ಲದೆ ಹೋಗುತ್ತಿತ್ತು.

ನಾನು ಚಾಲಕನಿಗೆ ಹೇಳಿದ್ದು ದ್ರಾಕ್ಷಿ ತೋಟ ಎಂದಷ್ಟೇ. ಕಾಗವಾಡದಲ್ಲಿ ದ್ರಾಕ್ಷಿ ತೋಟಗಳಿಗೆ ಬರವಿಲ್ಲ, ದಾರಿಯಲ್ಲೇ ಹತ್ತಾರು ಸಿಕ್ಕವು. ಅವನು ಎಲ್ಲವನ್ನೂ ದಾಟಿ ಒಂದು ಮನೆಯ ಮುಂದೆಯೇ ನಿಲ್ಲಿಸಿದ. ಅಂಗಳದಲ್ಲಿ ಇಪ್ಪತ್ತೇಳು ಇಪ್ಪತ್ತೆಂಟರ ಹೆಣ್ಣುಮಗಳೊಬ್ಬಳು ತುಂಬಿದ ಚರಿಗೆ ಹಿಡಿದು ನಿಂತಿದ್ದಳು, ಕಾಲಿಗೆ ನೀರು ಕೊಡಲು. ಹೆಸರು ಲಕ್ಷ್ಮಿ, ತವರು ಸತ್ತಿ ಎಂದಳು. ಶ್ರೀಶೈಲನ ತಂಗಿ. ಹುಡುಕದೆಯೇ ಸಿಕ್ಕಳಲ್ಲ, ನನ್ನ ಅದೃಷ್ಟವೇ ಅದೃಷ್ಟ ಎಂದುಕೊಂಡೆ. ಎಂಥ ದಡ್ಡಿ.

ಕೊಟ್ಟ ಮಗಳನ್ನು ನೋಡಿದರೆ ತವರು ತಿಳಿಯುತ್ತದೆ ಎನ್ನುತ್ತಾರೆ. ಲಕ್ಷ್ಮಿ ಬಂಗಾರದಂಥ ಹುಡುಗಿ. ತೋಟ ತೋರಿಸಿದಳು, ಮಡಿಲಿಗೆ ದ್ರಾಕ್ಷಿ ಸುರಿದಳು, ಅನ್ನ, ಕಟ್ಟಿನ ಸಾರು ಬಡಿಸಿ ಎದುರಿಗೇ ಕೂತು ಗಾಳಿ ಬೀಸಿದಳು. ಆದರೆ ಮಾತು. ಅಯ್ಯೋ, ಅವಳ ಮಾತು. ಗಂಡ 'ಈ ಸಲ ಮಿರಜದ ಪೇಟೆ' ಎನ್ನುತ್ತಿದ್ದಂತೆ ರೇಟು ಇಳಿದದ್ದನ್ನು ಅವಳೇ ಹೇಳಿದಳು. ಅತ್ತೆ ಮರಾಠಿಯಲ್ಲಿ ಶುರು ಮಾಡಿದ್ದನ್ನು ಇವಳು ಕನ್ನಡದಲ್ಲಿ ಮುಗಿಸಿದಳು. ನನ್ನ ವಾಕ್ಯಗಳಲ್ಲಿ ಒಂದೂ ದಡ ಸೇರಲಿಲ್ಲ. ಅತ್ತೆ, ಗಂಡ ಇಬ್ಬರೂ ಆರಾಮಾಗಿ ನಗುತ್ತ ಕೂತಿದ್ದರು. ಆ ಮನೆಯಲ್ಲಿ ಯಾರಿಗೂ ಕೊರತೆ ಇರಲಿಲ್ಲ. ನನಗೆ ಮಾತ್ರ ಊಟ ಇಳಿಯಲಿಲ್ಲ. ಇಂಥ ನಾದಿನಿಯ ಎದುರು ನಮ್ಮ ಹುಡುಗಿ ಹಬ್ಬಕ್ಕೊಂದು ಮಾತಾದರೂ ಆಡಿಯಾಳೇ?

ಸಂಜೆ ಅಥಣಿಯ ಲಾಡ್ಜಿನಿಂದ ವೀಣಾಗೆ ಫೋನು ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಹುಡುಗ ಕಾಯುತ್ತಾನೆ, ತಂಗಿ ಕಾಯುವುದಿಲ್ಲ, ತಾಯಿಯನ್ನು ನಾಳೆ ನೋಡಬೇಕು ಅಂತ. ಅವಳು ಹೂಂ ಎಂದಳು. ಅವಳ ಹೂಂ ಸಣ್ಣದಾಗಿತ್ತು.

ಮರುದಿನ ಅಥಣಿಯ ನಿಲ್ದಾಣದಲ್ಲಿ ಸತ್ತಿಯ ಬಸ್ಸು ಹೇಳಿದ ಹೊತ್ತಿಗೆ ಬರಲಿಲ್ಲ. ಒಂದು ಗಂಟೆ ದಾಟಿತು. ನಾನು ಎದ್ದು ಕೂತು ಎದ್ದು ಕೂತು ಮಾಡುತ್ತಿದ್ದೆ. ಉಳಿದವರು ಕಲ್ಲು ಬೆಂಚಿನ ಮೇಲೆ ಸಂಸಾರ ಹೂಡಿದವರಂತೆ ಕೂತಿದ್ದರು. ಒಬ್ಬ ತಾಯಿ ನೀರು ತುಂಬಿಸಿಕೊಂಡು ಬರುತ್ತೇನೆಂದು ತನ್ನ ಕೂಸನ್ನು ನನ್ನ ತೊಡೆಯ ಮೇಲೆ ಕೂರಿಸಿ ಹೋದಳು. ನನ್ನ ಹೆಸರೂ ಕೇಳಲಿಲ್ಲ. ಕೂಸು ನನ್ನ ಕನ್ನಡಕ ಕಿತ್ತುಕೊಂಡಿತು. ಬಸ್ಸು ಬರುತ್ತದೋ ಇಲ್ಲವೋ ಎಂದು ಪಕ್ಕದ ಯಜಮಾನರನ್ನು ಕೇಳಿದೆ. "ಬರ್ತೈತ್ರಿ ಬಾಯಾರ," ಎಂದರು. "ಅದಕ್ಕಾರ ನಮ್ಮನ್ನ ಬಿಟ್ಟರ ಯಾರದಾರ?"

ಬಂತು. ಕಬ್ಬಿನ ಗದ್ದೆಗಳ ನಡುವೆ ಕುಲುಕುತ್ತ ಹೋಗಿ ಸತ್ತಿಯ ನಿಲ್ದಾಣದಲ್ಲಿ ನಿಂತಿತು. ಹೋಟೆಲ್ಲಿನಲ್ಲಿ ಕೂತು ಮಾತು ತೆಗೆಯಬೇಕು, ಆ ಮನೆಯ ಹತ್ತಿರ ಸುಳಿಯಬಾರದು ಎಂದು ಲೆಕ್ಕ ಹಾಕುತ್ತ ಮೆಟ್ಟಿಲಿಳಿದೆ. ಎದುರಿಗೆ ಒಬ್ಬ ಎತ್ತರದ ಹೆಂಗಸು ಸೆರಗು ಹೊದ್ದು ನಿಂತಿದ್ದರು. ನನ್ನ ಕೈಚೀಲ ಇಸಿದುಕೊಂಡರು.

"ಬರ್ರಿ ಬಾಯಾರ," ಎಂದರು. "ವೀಣಾ ಅನ್ನೂ ಬೆಕ್ಕು ಉಣ್ಣಾಕತ್ತೈತೇನ್ರಿ?"

ಅವರೇ ಶ್ರೀಶೈಲನ ತಾಯಿ, ಗಂಗವ್ವ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಮನೆಯವರೆಗೆ ನಡೆಯುತ್ತ ಅವರು ಎಲ್ಲ ಬಿಚ್ಚಿ ಹೇಳಿದರು. ನಡುವಯಸ್ಸಿನ ಹೆಂಗಸು, ಒಬ್ಬಳೇ, ಪರ ಊರಿನಿಂದ ಬಂದು ಇಂಥ ಊರಿನ ಜನ ಹೇಗೆ ಎಂದು ಕೇಳಿದರೆ ಅವಳ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ ಎಂದೇ ಅರ್ಥ. ಚಿಕ್ಕೋಡಿಯಲ್ಲಿ ನಾನು ಮಲಗುವ ಮೊದಲೇ ಅಕ್ಕಾತಾಯಿ ಗುರುತಿನವರನ್ನು ಹಿಡಿದು ದಾವಣಗೆರೆಗೆ ಸಂಬಂಧ ಕೇಳಿ ಕಳಿಸಿದ ಸತ್ತಿಯ ಮನೆ ಯಾವುದು ಎಂದು ಪತ್ತೆ ಮಾಡಿದ್ದರು. ಅಲ್ಲಿಂದ ರಾಯಬಾಗಕ್ಕೆ, ಕುಡಚಿಗೆ, ಕಾಗವಾಡಕ್ಕೆ ಫೋನು ಹೋಗಿತ್ತು. ದಾರಿ ತಪ್ಪದ ಹಾಗೆ, ಬಿಸಿಲಲ್ಲಿ ನಿಲ್ಲದ ಹಾಗೆ, ಹಸಿದುಕೊಂಡಿರದ ಹಾಗೆ ನೋಡಿಕೊಳ್ಳಿ ಅಂತ. ಜೊತೆಗೆ, ಗೊತ್ತಿದೆ ಎಂದು ತೋರಿಸಿಕೊಳ್ಳಬೇಡಿ, ಪಾಪ ಕಷ್ಟಪಟ್ಟು ಸುಳ್ಳು ಹೇಳಾಕತ್ತಾರ ಅಂತಲೂ.

ಗುಟ್ಟಾಗಿ ವಿಚಾರಿಸಲು ಬಂದವಳನ್ನು ಇಡೀ ಸೀಮೆ ಕೈಯಿಂದ ಕೈಗೆ ದಾಟಿಸಿ ಬಾಗಿಲಿಗೇ ತಂದು ಬಿಟ್ಟಿತ್ತು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ನಾನೂ ನೇರ ಮಾತಿನವಳು. ಗಂಗವ್ವನ ದನದ ಕೊಟ್ಟಿಗೆಯ ಮುಂದೆ ಹೊರಸಿನ ಮೇಲೆ ಕೂತು, ನಮ್ಮ ಹುಡುಗಿಗೆ ಉಗ್ಗು ಇದೆ, ಫೋಟೋದಲ್ಲಿ ಅದು ಕಾಣುವುದಿಲ್ಲ, ಹಿಂದೆ ಒಬ್ಬರು ನಕ್ಕಿದ್ದರು, ನಿಮ್ಮ ಸೀಮೆಯಲ್ಲಿ ಯಾರೂ ಯಾರ ಮಾತೂ ಮುಗಿಯಲು ಬಿಡುವುದಿಲ್ಲ, ನಿಮ್ಮ ಮಗಳು ಲಕ್ಷ್ಮಿಯಂತೂ ಉಸಿರು ಎಳೆದುಕೊಳ್ಳಲೂ ಬಿಡಲಿಲ್ಲ ಎಂದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

ಪಕ್ಕದ ಮನೆಯ ಪಾರವ್ವ ಬಾಗಿಲಿಗೆ ಒರಗಿ ನಿಂತಿದ್ದರು. ಅವರೂ ಲಕ್ಷ್ಮಿಯ ಜಾತಿಯೇ, ಮಾತಿನಲ್ಲಿ. ತಮ್ಮ ಮೈದುನನಿಗೂ ಉಗ್ಗು ಇತ್ತು, ನಾಲಿಗೆಗೆ ಏನೋ ಬೇರು ತಿಕ್ಕಿದರು ಎಂದು ಶುರು ಮಾಡಿದರು. ಗಂಗವ್ವ ಅವರ ಕಡೆ ತಿರುಗದೆ ಅಂಗೈ ಎತ್ತಿದರು. ಪಾರವ್ವ ಬೇರಿನ ಹತ್ತಿರವೇ ನಿಂತುಹೋದರು.

"ಹುಡುಗಿಗೆ ಫೋನ್ ಹಚ್ಚರಿ," ಎಂದರು ಗಂಗವ್ವ.

ನಾನು ಅನುಮಾನಿಸಿದೆ. ವೀಣಾಗೆ ಎಲ್ಲಕ್ಕಿಂತ ಕಷ್ಟ ಫೋನು. ಎದುರಿಗೆ ಕೂತವರು ಅವಳ ತುಟಿ ನೋಡಿಯಾದರೂ ಕಾಯುತ್ತಾರೆ. ಫೋನಿನಲ್ಲಿ ಜನ ಹಲೋ ಹಲೋ ಎಂದು ಕೂಗಿ, ಲೈನು ಹೋಯಿತು ಎಂದು ಇಟ್ಟುಬಿಡುತ್ತಾರೆ. ಆದರೂ ಅವಳಿಗೆ ಮೊದಲು ವಿಷಯ ತಿಳಿಸಿ, ಮಾತಾಡುತ್ತೀಯಾ ಎಂದು ಕೇಳಿದೆ. ಸ್ವಲ್ಪ ತಡೆದು ಹೂಂ ಎಂದಳು. ಗಂಗವ್ವನಿಗೆ ಹಾಲು ಹಿಂಡುವ ಹೊತ್ತಾಗಿತ್ತು, ಕೈಗೆ ಎಣ್ಣೆ ಸವರಿಕೊಂಡಿದ್ದರು. ಫೋನಿನ ಸ್ಪೀಕರ್ ಹಾಕಿ ಗೋಡೆಯ ಗೂಡಿನಲ್ಲಿ ಇಡಲು ಹೇಳಿ, ಎಮ್ಮೆಯ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ನಾ ಗಂಗವ್ವ ಅದೇನವಾ, ಶಿರಸೈಲನ ಅವ್ವ. ಹಾಲ ಹಿಂಡಾಕತ್ತೇನಿ. ನೀ ಸಾವಕಾಶ ಮಾತಾಡು."

ಆಮೇಲೆ ಅವರು ಸುಮ್ಮನಾದರು. ಫೋನೂ ಸುಮ್ಮನಿತ್ತು. ಹೊಸ ಜನ ಬಂದಿದ್ದಕ್ಕೋ ಏನೋ ಎಮ್ಮೆ ಹಾಲು ಇಳಿಸಿರಲಿಲ್ಲ. ಗಂಗವ್ವ ಅದರ ಕೆಚ್ಚಲನ್ನು ನಿಧಾನವಾಗಿ ಸವರುತ್ತ ಹಣೆಯನ್ನು ಅದರ ಪಕ್ಕೆಗೆ ಒರಗಿಸಿ ಕೂತಿದ್ದರು. ಫೋನಿನಿಂದ ವೀಣಾಳ ಮೊದಲ ಅಕ್ಷರ ಬಂತು, ನಿಂತಿತು, ಮತ್ತೆ ಬಂತು, ನಿಂತಿತು. ಪಾರವ್ವ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ನೆಲ ನೋಡುತ್ತಿದ್ದರು. ಗಂಗವ್ವ ಹಲೋ ಎನ್ನಲಿಲ್ಲ, ಹೇಳವಾ ಎನ್ನಲಿಲ್ಲ, ಫೋನಿನ ಕಡೆ ತಿರುಗಲೂ ಇಲ್ಲ. ಅವರ ಬೆರಳು ಮಾತ್ರ ಆಡುತ್ತಿತ್ತು. ಎಮ್ಮೆ ಒಮ್ಮೆ ಬಾಲ ಬೀಸಿತು. ಬಕೆಟ್ಟಿನ ತಳಕ್ಕೆ ಮೊದಲ ಧಾರೆ ಚರ್ರೆಂದು ಬಿತ್ತು.

ಅಷ್ಟರಲ್ಲಿ ವೀಣಾಳ ವಾಕ್ಯ ಮುಗಿಯಿತು. ನನ್ನ ಮಾತು ತಡ ಆಗುತ್ತೆ, ನಿಮಗೆ ಬೇಜಾರಾಗಲ್ವಾ ಎಂದು ಕೇಳಿದ್ದಳು.

ಗಂಗವ್ವ ಹಿಂಡುತ್ತಲೇ ಉತ್ತರ ಕೊಟ್ಟರು. "ನಮ್ಮೂರ ಬಸ್ಸೂ ತಡಾನ ಬರ್ತೈತಿ ತಂಗಿ. ನಾವೇನ್ ಸಿಟ್ಟಾಗ್ತೇವನು? ಬರೂತನಕ ನಿಂದ್ರತೇವಿ, ಬಂದ ಮ್ಯಾಲ ಹತ್ತತೇವಿ."

ಗೂಡಿನಲ್ಲಿದ್ದ ಫೋನಿನಿಂದ ನಗು ಕೇಳಿಸಿತು. ವೀಣಾಳ ನಗುವಿಗೆ ಉಗ್ಗಿಲ್ಲ. ಅದು ತಡವಿಲ್ಲದೆ ಬರುತ್ತದೆ.

ಲಕ್ಷ್ಮಿಯ ವಿಷಯವನ್ನು ಗಂಗವ್ವ ಆಮೇಲೆ ತಾವಾಗಿಯೇ ಎತ್ತಿದರು. ಮಗಳ ಬಾಯಿ ಅವಳ ಅಪ್ಪನದಂತೆ, ಅದನ್ನು ಕಟ್ಟಲು ಆಗುವುದಿಲ್ಲವಂತೆ. ಆದರೆ ಹೇಳಿದರೆ ಕೇಳುತ್ತಾಳೆ, ಹೇಳುತ್ತೇನೆ ಎಂದರು. ಪಾರವ್ವ ಅದಕ್ಕೆ ತಮ್ಮದೂ ಹಾಗೇ ಎಂದು ಸೇರಿಸಿ, ಬೇರಿನ ಕಥೆಯನ್ನು ಕೊನೆಗೂ ಹೇಳಿ ಮುಗಿಸಿದರು. ಆ ಬೇರಿನಿಂದ ಮೈದುನನಿಗೆ ಏನೂ ಆಗಲಿಲ್ಲವಂತೆ, ಬಾಯಿ ಹುಣ್ಣಾದದ್ದೇ ಬಂತು. ಈಗಲೂ ಅವನು ಹಾಗೇ ಇದ್ದಾನೆ, ಮೂರು ಮಕ್ಕಳ ಅಪ್ಪ.

ವಾಪಸ್ಸು ಹೋಗುವ ಬಸ್ಸೂ ತಡವೇ. ನಿಲ್ದಾಣದವರೆಗೆ ಬಂದ ಗಂಗವ್ವ, ಪಾರವ್ವ, ದಾರಿಯಲ್ಲಿ ಕೂಡಿಕೊಂಡ ಇನ್ನೂ ನಾಲ್ಕು ಜನ ಅಲ್ಲೇ ನಿಂತರು. ಮನೆಯಲ್ಲಿ ಕೆಲಸ ಇರುತ್ತದೆ ಹೋಗಿ ಎಂದೆ. ಬಂದವರನ್ನು ರಸ್ತೆಯಲ್ಲಿ ಬಿಟ್ಟು ಹೋದರೆ ಅದು ಕಳಿಸಿಕೊಟ್ಟ ಹಾಗೆ ಆಗುವುದಿಲ್ಲ ಎಂದರು ಗಂಗವ್ವ. ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು, ಕಬ್ಬಿನ ಗರಿ ಸುಟ್ಟ ವಾಸನೆ ಇತ್ತು. ಬಸ್ಸು ಬಂದಾಗ ಕಿಟಕಿಯಿಂದ ಒಂದು ಡಬ್ಬಿ ಒಳಗೆ ಬಂತು. ಅದೇ ಎಮ್ಮೆಯ ಹಾಲಿನ ಖವಾ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಅಷ್ಟೂ ಜನ ಅಲ್ಲೇ ಇದ್ದರು, ಕೈ ಬೀಸದೆ, ಸುಮ್ಮನೆ ಬಸ್ಸನ್ನು ನೋಡುತ್ತ.

ಅಥಣಿ ರಸ್ತೆ ಸೇರುವಷ್ಟರಲ್ಲಿ ವೀಣಾಳ ಫೋನು. ಚಿಕ್ಕಮ್ಮ, ಎಂದಳು, ಅವರಿಗೆ, ಎಂದಳು, ಆಮೇಲೆ ಮಾತು ಸಿಕ್ಕಿಕೊಂಡಿತು. ಮುಂದೆ ಕಬ್ಬಿನ ಟ್ರ್ಯಾಕ್ಟರು ಅಡ್ಡ ಇತ್ತು, ಬಸ್ಸೂ ನಿಂತಿತು. ಪಕ್ಕದಲ್ಲಿದ್ದ ಹೆಂಗಸು ನನ್ನ ಮುಖ ನೋಡಿ, ಲೈನ್ ಹೋತೇನ್ರಿ ಎಂದು ಕೈಸನ್ನೆ ಮಾಡಿದರು. ಇಲ್ಲ ಎಂದು ತಲೆ ಆಡಿಸಿದೆ. ಅವರೂ ನನ್ನ ಜೊತೆ ಕಾಯುತ್ತ ಕೂತರು.

"ಅವರಿಗೆ ಬರೋಕೆ ಹೇಳು," ಎಂದಳು ವೀಣಾ.